ಗಣಪಣ್ಣ ಯಾರು ಎಂದು ಕೇಳುವವರಿಗೆ

ಯಾರೂ ಅಲ್ಲ. ನಿಮ್ಮ ದೊಡ್ಡಪ್ಪನಲ್ಲ, ನನ್ನ ಸೋದರಮಾವನಲ್ಲ, ತೀರ್ಥಹಳ್ಳಿ ಕಡೆಯ ಯಾವ ತೋಟದವರೂ ಅಲ್ಲ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಕಥೆ ಓದದವರಿಗಾಗಿ ಎರಡು ಮಾತು. ಗಣಪಣ್ಣ ನನ್ನ ಒಂದು ಕಥೆಯ ಖಳ. ಗೌರಿಹಬ್ಬಕ್ಕೆ ತಂಗಿಯರಿಬ್ಬರನ್ನು ಕರೆಸಿ, ಬಾಗಿನ ಕೊಟ್ಟು, ಸೀರೆ ಉಡಿಸಿ, ಚೌತಿ ಕಳೆದ ಮರುದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಒಂದೂವರೆ ಎಕರೆ ಅಡಿಕೆ ತೋಟದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅಷ್ಟೇ ಕಥೆ.

ಜನ ಕೇಳುವ ರೀತಿಗೇ ಸಿಟ್ಟು ಬರುತ್ತದೆ. "ಇಷ್ಟು ಕೆಟ್ಟವನನ್ನು ಎಲ್ಲಿ ಹಿಡಿದೆ?" ನಾನೇನು ಹಾವು ಹಿಡಿಯುವವಳೇ?

ಕಳೆದ ವೈಶಾಖದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಅಮ್ಮ, ಬಲಕ್ಕೆ ದೂರದ ನೆಂಟಸ್ತಿಕೆಯ ಭಾವ. ಕೋಸಂಬರಿ ಎಲೆಗೆ ಬೀಳುವ ಮೊದಲೇ ಶುರುಮಾಡಿದರು. "ನಿಜ ಹೇಳು ಮಾರಾಯ್ತಿ, ಗಣಪಣ್ಣ ಅಂದರೆ ನಮ್ಮ ಅಪ್ಪಯ್ಯ ತಾನೇ?"

"ಅಲ್ಲ ಭಾವ."

"ಅಪ್ಪಯ್ಯನೂ ಹಾಗೆಯೇ ನಸ್ಯ ಏರಿಸುತ್ತಿದ್ದರು."

ನಸ್ಯ ಏರಿಸುವವರೆಲ್ಲ ಹಕ್ಕು ಕೇಳಲು ಹೊರಟರೆ ಅರ್ಧ ಮಲೆನಾಡು ನನ್ನ ಮೇಲೆ ಮೊಕದ್ದಮೆ ಹೂಡಬೇಕಾದೀತು. ಸಾರು ಬಂತು, ಹುಳಿ ಬಂತು, ಭಾವ ಬಿಡಲಿಲ್ಲ. ಕೊನೆಗೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅಪ್ಪಯ್ಯ ಬರೆಸಿಕೊಂಡದ್ದಲ್ಲ, ಅತ್ತೆಯಂದಿರು ತಾವಾಗಿಯೇ ಕೊಟ್ಟದ್ದು" ಎಂದರು. ನಾನು ಕೇಳಿಯೇ ಇರಲಿಲ್ಲ! ಆ ಮಾತು ಮೊದಲೇ ಸಿಕ್ಕಿದ್ದರೆ ಗಣಪಣ್ಣನ ಬಾಯಿಗೆ ಹಾಕುತ್ತಿದ್ದೆ.

ಮೊದಲ ಕರಡಿನಲ್ಲಿ ಅವನು ಕುಡಿಯುತ್ತಿದ್ದ, ಕೂಗಾಡುತ್ತಿದ್ದ, ನಾಯಿಗೆ ಒದೆಯುತ್ತಿದ್ದ. ಕಥೆ ಮೇಲೇಳಲಿಲ್ಲ. ಆಮೇಲೆ ಹಾಸಿಗೆ ಹಿಡಿದ ತಾಯಿಯನ್ನು ಒಂಬತ್ತು ವರ್ಷ ನೋಡಿಕೊಳ್ಳುವ ಕೆಲಸವನ್ನು ಅವನಿಗೆ ಹಚ್ಚಿದೆ. ಬೆಳಗಿನ ಜಾವ ಎದ್ದು, ಒದ್ದೆಯಾದ ಹೊದಿಕೆ ಒಗೆದು, ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹರವುತ್ತಾನೆ. ಆಷಾಢದಲ್ಲಿ ಬೇರೆಲ್ಲಿ ಒಣಗಬೇಕು? ಕೊಳೆರೋಗಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುವವನೂ ಅವನೇ. ತಂಗಿಯರು ಹಬ್ಬಕ್ಕೆ ಬಂದು ಮಿಡಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬ 2005ರ ತಿದ್ದುಪಡಿಯ ಸುದ್ದಿ ಕಿವಿಗೆ ಬಿದ್ದಾಗ, ಒಂಬತ್ತು ವರ್ಷದ ಕೂಲಿಯನ್ನು ಯಾರೋ ಮುರಿದುಕೊಂಡಂತೆ ಅವನಿಗೆ ಅನ್ನಿಸುತ್ತದೆ. ಅವನ ಲೆಕ್ಕದಲ್ಲಿ ಅವನು ಕಳ್ಳನಲ್ಲ, ಬಾಕಿ ವಸೂಲಿ ಮಾಡುತ್ತಿದ್ದಾನೆ.

ಇದನ್ನು ನಾನು ಕಲಿತದ್ದು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತ ಅರ್ಥಧಾರಿ ಬರೀ ಮಾತಿನಲ್ಲಿ ರಾವಣನಾಗಬೇಕು. ಒಮ್ಮೆ ಒಬ್ಬರು ಹೆಗಲ ಶಾಲು ಸರಿಪಡಿಸಿಕೊಂಡು, ಮೆಲ್ಲಗೆ, "ನನ್ನ ತಂಗಿಯ ಮೂಗು ಕೊಯ್ದವರನ್ನು ನೀವು ಏನೆಂದು ಕರೆಯುತ್ತೀರಿ?" ಎಂದರು. ಪಕ್ಕದಲ್ಲಿ ಅಜ್ಜ ಕವಳ ಜಗಿಯುವುದನ್ನು ನಿಲ್ಲಿಸಿದ. ತಾನು ದುಷ್ಟನೆಂದು ಒಪ್ಪಿಕೊಳ್ಳುವ ರಾವಣನನ್ನು ಮರುವರ್ಷ ಯಾವ ಊರಿನವರೂ ಕರೆಯುವುದಿಲ್ಲ.

ರನ್ನನೂ ಅಷ್ಟೇ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಗದಾಯುದ್ಧ ಬರೆದವನು, ದುರ್ಯೋಧನನನ್ನು ಅಭಿಮನ್ಯುವಿನ ಹೆಣದ ಮುಂದೆ ನಿಲ್ಲಿಸಿ, ನಿನ್ನಂಥ ಮರಣ ನಮಗೂ ಒದಗಲಿ ಎಂದು ಹೇಳಿಸಿದ. ರನ್ನನನ್ನು ಯಾರಾದರೂ ತಡೆದು, ಈ ದುರ್ಯೋಧನ ನಿಮ್ಮ ಹುಟ್ಟೂರು ಮುಧೋಳದ ಯಾವ ಮನೆಯವನು ಎಂದು ಕೇಳಿದರೇ?

ಅಣ್ಣ ಏಕೆ ಹೀಗೆ ಮಾಡಿದ ಎಂದು ಎಲ್ಲರೂ ಕೇಳುತ್ತಾರೆ. ತಂಗಿ ಏಕೆ ಸಹಿ ಹಾಕಿದಳು ಎಂದು ಇಲ್ಲಿಯವರೆಗೆ ಒಬ್ಬ ಓದುಗರೂ ಕೇಳಿಲ್ಲ. ಮೋಸಹೋದಳು ಪಾಪ, ಅಷ್ಟೇ. ಅಲ್ಲ ಸ್ವಾಮಿ, ಬರೆದಿದ್ದೇನಲ್ಲ: ಕಿರಿಯವಳು ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ಓದುತ್ತಾಳೆ, ತಪ್ಪಾಗಿದ್ದ ಒಂದು ಸರ್ವೆ ನಂಬರನ್ನು ಬೆರಳಿಟ್ಟು ತೋರಿಸಿ ತಿದ್ದಿಸುತ್ತಾಳೆ, ಆಮೇಲೆ ಪೆನ್ನು ಕೇಳುತ್ತಾಳೆ. ಗಣಪಣ್ಣ ಒಂದು ತಿಂಗಳಿಗೆ ಕೈಗೆ ಬಂದ. ಇವಳಿಗೆ ಮಳೆಗಾಲವಿಡೀ ಹಿಡಿಯಿತು. ಸಹಿ ಹಾಕದಿದ್ದರೆ ಮುಂದಿನ ಗೌರಿಗೆ ಕರೆ ಬರುವುದಿಲ್ಲ. ಗಂಡನ ಮೇಲೆ ಸಿಟ್ಟು ಬಂದಾಗ "ತವರಿಗೆ ಹೋಗುತ್ತೇನೆ" ಎನ್ನಲು ಒಂದು ಮನೆ ಉಳಿಯುವುದಿಲ್ಲ. ಒಂದೂವರೆ ಎಕರೆ ಕೊಟ್ಟು ಅವಳು ಕೊಂಡದ್ದು ಆ ಒಂದು ಬೆದರಿಕೆಯನ್ನು.

ಅಂದು ಪಂಕ್ತಿಯಲ್ಲಿ ಅಮ್ಮ ತುಟಿ ಬಿಚ್ಚಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: "ಸಹಿ ಹಾಕುವ ದಿನ ಅವಳು ಯಾವ ಸೀರೆ ಉಟ್ಟಿದ್ದಳು? ಅದನ್ನು ನೀನು ಬರೆದೇ ಇಲ್ಲವಲ್ಲ."

"ಯಾವುದು ಉಡಿಸಲಿ?"

"ಹಬ್ಬಕ್ಕೆ ಅಣ್ಣ ಕೊಟ್ಟದ್ದನ್ನೇ. ಅವನು ನೋಡಲಿ ಅಂತ."

ಹಾಗೆಂದು ಕಿಟಕಿಯ ಕಡೆ ತಿರುಗಿ ಕುಳಿತಳು.