ನಿದ್ದೆ ಬಾರದ ರಾತ್ರಿ, ಜಿಮ್ಮಿ ರಶಿಂಗ್

ಮಗಳ ಮನೆಗೆ ಅಂತ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಬಂದ ಹೊಸದು. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆಯೇ ಇಲ್ಲ. ಜಾಝ್ ಪಿಯಾನೋ ವಾದಕ ಕೌಂಟ್ ಬೇಸಿಯ ಬ್ಯಾಂಡ್ ಹುಟ್ಟಿದ ಊರಿಗೆ ಬಂದು ಸುಮ್ನೆ ಹೊರಳಾಡೋದು ಯಾಕೆ? ಎದ್ದು ಕೂತು, ಆ ಬ್ಯಾಂಡಿನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಹಾಡುತ್ತಿದ್ದ ಜಿಮ್ಮಿ ರಶಿಂಗ್ ಅವರ ಹಾಡು ಹಾಕಿಕೊಂಡೆ.

ಮೊದಲು ನೋಡಿದ್ದು 1957ರ ಡಿಸೆಂಬರ್‌ನಲ್ಲಿ ಸಿಬಿಎಸ್ ಟಿವಿ ನೇರಪ್ರಸಾರ ಮಾಡಿದ 'ದಿ ಸೌಂಡ್ ಆಫ್ ಜಾಝ್'. ಪಿಯಾನೋ ಮುಂದೆ ಬೇಸಿ. ರಶಿಂಗ್ 'ಐ ಲೆಫ್ಟ್ ಮೈ ಬೇಬಿ' ಹಾಡುತ್ತಾರೆ. ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಲು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೇ ಸಾಲಿನಲ್ಲಿ ಮಾತು ಮುಗಿಸುತ್ತಾರೆ. ಪ್ರತಿ ಸಾಲಿನ ಕೊನೆಗೂ ಒಂಚೂರು ಜಾಗ ಉಳಿಯುತ್ತದೆ. ರಶಿಂಗ್ ಆ ಜಾಗಕ್ಕೆ ಕೈಹಾಕುವುದಿಲ್ಲ, ಬ್ಯಾಂಡಿನ ಊದುವ ವಾದ್ಯಗಳಿಗೆ ಬಿಟ್ಟುಕೊಡುತ್ತಾರೆ. ನಮ್ಮ ಕಚೇರಿಯಲ್ಲಿ ಗಾಯಕರು ನಿಲ್ಲಿಸಿದ ಕಡೆ ಪಿಟೀಲು ಎತ್ತಿಕೊಳ್ಳುತ್ತಲ್ಲ, ಹಾಗೆ. ದುಃಖದ ಹಾಡು, ಆದರೆ ಅಳು ಇಲ್ಲ. ಒಂದೊಂದು ಮಾತೂ ಬಿಡಿಸಿಟ್ಟಷ್ಟು ಸ್ಪಷ್ಟ.

ದೊಡ್ಡ ಬ್ಯಾಂಡಿನ ಸದ್ದಿನ ಮೇಲೆ ತೇಲುವ ಎತ್ತರದ ದನಿ ಅವರದು. ಅವರ ಊರು ಒಕ್ಲಹೋಮಾ ಸಿಟಿಯಲ್ಲೇ ಬೆಳೆದ ಲೇಖಕ ರಾಲ್ಫ್ ಎಲಿಸನ್, ಡ್ಯಾನ್ಸ್ ಹಾಲ್‌ನಿಂದ ಆ ದನಿ ಹಲವು ಬೀದಿಗಳಾಚೆಗೂ ಕೇಳುತ್ತಿತ್ತು ಅಂತ ಬರೆದಿದ್ದಾರೆ.

ರಶಿಂಗ್ ಹಾಡಿದ್ದು ಬ್ಲೂ ಡೆವಿಲ್ಸ್ ಬ್ಯಾಂಡಿನಲ್ಲಿ, ಆಮೇಲೆ ಬೆನ್ನಿ ಮೋಟನ್ ಬ್ಯಾಂಡಿನಲ್ಲಿ. 1935ರಲ್ಲಿ ಮೋಟನ್ ತೀರಿಕೊಂಡ ಮೇಲೆ ಬೇಸಿ ಜೊತೆ. 1937ರ 'ಗುಡ್ ಮಾರ್ನಿಂಗ್ ಬ್ಲೂಸ್', 1938ರ 'ಸೆಂಟ್ ಫಾರ್ ಯು ಯೆಸ್ಟರ್ಡೇ' ಆ ಕಾಲದವು. ಡೆಕ್ಕಾ ರೆಕಾರ್ಡ್ ಕಂಪನಿ ಬೇಸಿಗೆ ಬರೆಸಿಕೊಂಡಿದ್ದ ಕರಾರು ಓದಿದರೆ ಹೊಟ್ಟೆ ಉರಿಯುತ್ತದೆ. 24 ಹಾಡಿಗೆ 750 ಡಾಲರ್, ರಾಯಲ್ಟಿ ಇಲ್ಲ! ಇಷ್ಟು ಹಾಡಿದ ರಶಿಂಗ್ ಅವರನ್ನು ಜನ ಜಾಸ್ತಿ ನೆನಪಿಟ್ಟುಕೊಂಡಿದ್ದು ಅವರ ದಪ್ಪ ಮೈಗೆ ಇಟ್ಟ 'ಮಿಸ್ಟರ್ ಫೈವ್ ಬೈ ಫೈವ್' (ಐದಡಿ ಎತ್ತರ, ಐದಡಿ ಅಗಲ) ಅನ್ನೋ ಅಡ್ಡಹೆಸರಿನಿಂದ. ನನಗೆ ಆ ಹೆಸರು ಹಿಡಿಸುವುದಿಲ್ಲ.

"ಅಮ್ಮ, ಇನ್ನೂ ಮಲಗಿಲ್ವಾ?" ಮಗಳು ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಪಕ್ಕದಲ್ಲೇ ಕೂತಳು. 1938ರ ಹಾಡು ಹಾಕಿದೆ, ಅವಳ ಕಾಲಲ್ಲೇ ತಾಳ ಶುರುವಾಯಿತು. ಆಮೇಲೆ 1971ರ 'ದಿ ಯು ಅಂಡ್ ಮಿ ದಟ್ ಯೂಸ್ಡ್ ಟು ಬಿ' ಆಲ್ಬಮ್ ಕೇಳಿಸಿದೆ. ಮರುವರ್ಷವೇ ರಶಿಂಗ್ ತೀರಿಕೊಂಡರು. ಅಲ್ಲಿ ದನಿ ಸವೆದಿದೆ, ಮೊದಲಿನ ಮೆರುಗಿಲ್ಲ.

"ಹಳೇದೇ ಚೆನ್ನಾಗಿದೆ ಅಲ್ವಾ?" ಅಂದಳು.

ನಾನು ಒಪ್ಪಲಿಲ್ಲ. ದನಿ ಸವೆದಿರಬಹುದು, ಮಾತು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ, ಇನ್ನೊಂದು ಸಲ ಗಮನವಿಟ್ಟು ಕೇಳು ಅಂತ ಅದೇ ಆಲ್ಬಮ್ ಮೊದಲಿಂದ ಹಾಕಿದೆ.