0.53 ಎಂದು ಬರೆದ ಜಾರ್

ಎಂ.ಎಸ್‌ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನನಗೆ ಸಿಕ್ಕಿದ್ದು ಲೈಪೇಸ್. ನೀರಿನಲ್ಲಿ ಕೊಬ್ಬನ್ನು ಒಡೆಯುವ ಕಿಣ್ವ ಅದು. ಹೆಕ್ಸೇನಿನಂಥ ದ್ರಾವಕಕ್ಕೆ ಹಾಕಿದರೆ ಉಲ್ಟಾ ಕೆಲಸ ಮಾಡುತ್ತದೆ. ಆಮ್ಲವನ್ನೂ ಆಲ್ಕೋಹಾಲನ್ನೂ ಕೂಡಿಸಿ ಎಸ್ಟರ್ ಕಟ್ಟುತ್ತದೆ.

ಮೇಡಂ ಮೊದಲ ದಿನವೇ ಒಂದು ಲೇಖನ ಓದಲು ಕೊಟ್ಟರು. ಝಾಕ್ಸ್ ಮತ್ತು ಕ್ಲಿಬನೋವ್ 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು. ಹಂದಿಯ ಲೈಪೇಸನ್ನು ಅವರು 100 ಡಿಗ್ರಿ ಬಿಸಿಯಲ್ಲಿ ಇಟ್ಟಿದ್ದರು. ನೀರಿನಲ್ಲಿ ಅದು ಆ ಕ್ಷಣವೇ ಕೆಟ್ಟುಹೋಗುತ್ತದೆ. ಶೇಕಡಾ 0.02ರಷ್ಟೇ ನೀರಿದ್ದ ಕಡೆ ಗಂಟೆಗಟ್ಟಲೆ ಉಳಿಯುತ್ತದೆ. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನೀರು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುದಿನವೇ ಹೆಕ್ಸೇನಿಗೆ ನೀರು ಹೀರುವ ಹರಳು, ಮಾಲಿಕ್ಯೂಲರ್ ಸೀವ್ ಸುರಿದೆ. ಕಿಣ್ವದ ಪುಡಿಯನ್ನೂ ಡೆಸಿಕೇಟರ್ ಎಂಬ ಒಣಗಿಸುವ ಪಾತ್ರೆಯಲ್ಲಿ ಚೆನ್ನಾಗಿ ಒಣಗಿಸಿದೆ. ಮೂರು ದಿನ ಅಲುಗಾಡಿಸಿದರೂ ಎಸ್ಟರ್ ಸುಳಿವೇ ಇಲ್ಲ.

ಮೇಡಂ ಫ್ಲಾಸ್ಕ್ ಎತ್ತಿ ನೋಡಿದರು. "ಕಿಣ್ವಕ್ಕೆ ಅಂಟಿಕೊಂಡಿದ್ದ ನೀರನ್ನೂ ತೆಗೆದುಬಿಟ್ಟೆಯಲ್ಲಮ್ಮ" ಎಂದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಪ್ರೋಟೀನಿನ ಮೈತುಂಬ ಚಾರ್ಜ್ ಇರುವ ಗುಂಪುಗಳಿವೆ. ನಡುವೆ ನೀರಿಲ್ಲದಿದ್ದರೆ ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಕಿಣ್ವ ಸೆಟೆದು ನಿಲ್ಲುತ್ತದೆ. ಬಿಸಿಗೂ ಕೆಡದಿರುವುದು ಆ ಬಿಗಿತದಿಂದಲೇ, ಕೆಲಸ ನಿಲ್ಲುವುದೂ ಅದರಿಂದಲೇ. ಕೈಮೊಟ್ರಿಪ್ಸಿನ್ ಎಂಬ ಇನ್ನೊಂದು ಕಿಣ್ವದ ಒಂದು ಅಣುವಿಗೆ 50ಕ್ಕಿಂತ ಕಡಿಮೆ ನೀರಿನ ಅಣುಗಳು ಸಾಕು, ಆದರೆ ಅಷ್ಟಾದರೂ ಬೇಕೇ ಬೇಕು.

ಹಾಗಾದರೆ ಜಾಸ್ತಿ ಹಾಕಿದರೆ? ಅದನ್ನೂ ಮಾಡಿ ನೋಡಿದೆ. ಪುಡಿ ಮುದ್ದೆಯಾಗಿ ಗಾಜಿಗೆ ಅಂಟಿತು. ಆಮ್ಲ, ಆಲ್ಕೋಹಾಲ್ ಎರಡೂ ಒಳಗೆ ಹೋಗಲು ದಾರಿಯೇ ಇಲ್ಲ. ಕಟ್ಟಿದ ಎಸ್ಟರೂ ನೀರು ಸಿಕ್ಕರೆ ಮತ್ತೆ ಒಡೆಯುತ್ತದೆ.

ನಿಜವಾದ ತೊಡಕು ಬಂದದ್ದು ದ್ರಾವಕ ಬದಲಿಸಿದಾಗ. ಹೆಕ್ಸೇನಿಗೆ ಸರಿಹೋದ ನೀರಿನ ಅಳತೆಯನ್ನೇ ಡೈಐಸೊಪ್ರೊಪೈಲ್ ಈಥರ್ ಎಂಬ ಇನ್ನೊಂದು ದ್ರಾವಕಕ್ಕೂ ಹಾಕಿದೆ. ಕೆಲಸ ತೀರ ನಿಧಾನವಾಯಿತು. ನೀರಿನ ಪ್ರಮಾಣ ಅಳೆಯುವ ಕಾರ್ಲ್ ಫಿಶರ್ ಯಂತ್ರ ಎರಡರಲ್ಲೂ ಒಂದೇ ಅಂಕಿ ತೋರಿಸುತ್ತಿತ್ತು. ಅಂಕಿ ಒಂದೇ ಆದರೇನು, ಹೆಕ್ಸೇನಿಗೆ ನೀರು ಬೇಡ, ಅದು ಕಿಣ್ವದ ಮೇಲೇ ಉಳಿಯುತ್ತದೆ. ಈಥರ್ ಎಷ್ಟೋ ಪಟ್ಟು ಜಾಸ್ತಿ ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅಳೆಯಬೇಕಾದದ್ದು ನೀರಿನ ಪ್ರಮಾಣವನ್ನಲ್ಲ, ವಾಟರ್ ಆಕ್ಟಿವಿಟಿಯನ್ನು. ಅಂದರೆ ನೀರು ಎಷ್ಟರ ಮಟ್ಟಿಗೆ ಬಿಡುವಾಗಿ ಸಿಗುತ್ತದೆ ಎಂಬುದನ್ನು: ಪೂರ್ತಿ ಒಣಗಿದ್ದರೆ 0, ಶುದ್ಧ ನೀರಾದರೆ 1. ಇದನ್ನೇ ಅಧ್ಯಯನ ಮಾಡಿದ ವಿಜ್ಞಾನಿ ಪೀಟರ್ ಹ್ಯಾಲಿಂಗ್ ಅವರ ಲೇಖನಗಳನ್ನು ಮೇಡಂ ನನ್ನ ಕೈಗಿಟ್ಟದ್ದು ಆಗಲೇ.

ಆಮೇಲಿನ ವಾರಗಳು ಇವತ್ತಿಗೂ ನನಗೆ ತುಂಬ ಇಷ್ಟ. ಕಪಾಟಿನ ಮೇಲೆ ನಾಲ್ಕು ಮುಚ್ಚಿದ ಜಾರ್‌ಗಳು. ಒಂದೊಂದರ ತಳದಲ್ಲೂ ಒಂದೊಂದು ಉಪ್ಪಿನ ಗಟ್ಟಿ ದ್ರಾವಣ, ತಳದಲ್ಲಿ ಕರಗದ ಹರಳು ಕಾಣಬೇಕು. ಒಂದೊಂದು ಉಪ್ಪೂ ಜಾರ್‌ನೊಳಗಿನ ವಾಟರ್ ಆಕ್ಟಿವಿಟಿಯನ್ನು ಒಂದೊಂದು ಅಂಕಿಯಲ್ಲಿ ಹಿಡಿದಿಡುತ್ತದೆ: ಲಿಥಿಯಂ ಕ್ಲೋರೈಡ್ 0.11, ಮೆಗ್ನೀಸಿಯಂ ಕ್ಲೋರೈಡ್ 0.33, ಮೆಗ್ನೀಸಿಯಂ ನೈಟ್ರೇಟ್ 0.53, ಅಡುಗೆ ಉಪ್ಪು 0.75. ಕಿಣ್ವವನ್ನೂ ದ್ರಾವಕವನ್ನೂ ಬೇರೆ ಬೇರೆ ಬಾಟಲಿಗಳಲ್ಲಿ ತೆರೆದು ಒಳಗಿಟ್ಟು, ಆವಿಯಲ್ಲೇ ನೀರು ಹಂಚಿಕೊಳ್ಳಲಿ ಎಂದು ಕಾಯಬೇಕು. ಸುಮ್ನೆ ಕಾಯುವುದೂ ಪ್ರಯೋಗವೇ ಅಲ್ವಾ?

ಕೊನೆಗೆ ವಾಟರ್ ಆಕ್ಟಿವಿಟಿಗೆ ಎದುರಾಗಿ ಕಿಣ್ವದ ವೇಗದ ಗ್ರಾಫ್ ಹಾಕಿದೆ. ಹೆಕ್ಸೇನಿನ ಗೆರೆ, ಈಥರಿನ ಗೆರೆ, ಎರಡರ ಅತಿ ಎತ್ತರದ ಬಿಂದುವೂ ಮೂರನೇ ಜಾರ್ ಮೇಲೆಯೇ ಬಂದು ನಿಂತಿತ್ತು. ಮೇಡಂ ಮಾತಾಡಲಿಲ್ಲ. ಪೆನ್ಸಿಲ್ ತಗೊಂಡು 0.53ರ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು.