ಹಾಂಗ್‌ಕಾಂಗಿನ ಲಾಟೀನು ಹಬ್ಬ: ಹುಣ್ಣಿಮೆಯ ಹಿಂದಿನ ರಾತ್ರಿಯೇ ಟೈ ಹಾಂಗ್ ಸೇರಿಕೊಳ್ಳಿ

ಹಾಂಗ್‌ಕಾಂಗಿನ ಮಿಡ್-ಆಟಮ್ ಹಬ್ಬಕ್ಕೆ ಹೋಗುವವರು ಹುಣ್ಣಿಮೆಯ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ನೋಡಿಬಿಡಲು ಹೊರಡುತ್ತಾರೆ. ಕೊನೆಗೆ ಕಾಸ್‌ವೇ ಬೇ ಪಕ್ಕದ ಟೈ ಹಾಂಗ್ ಬಡಾವಣೆಯ ಓಣಿಯಲ್ಲಿ ಮುಂದೆ ನಿಂತವರ ಬೆನ್ನು ನೋಡಿ ವಾಪಸಾಗುತ್ತಾರೆ. ಅಲ್ಲಿ ಬೆಂಕಿ ಡ್ರಾಗನ್ ಕುಣಿಯುವುದು ಮೂರು ರಾತ್ರಿ, ಚೀನೀ ಪಂಚಾಂಗದ ಎಂಟನೇ ತಿಂಗಳ 14, 15 ಮತ್ತು 16ರಂದು. 2026ರಲ್ಲಿ ಹುಣ್ಣಿಮೆಯ ಹಬ್ಬ ಸೆಪ್ಟೆಂಬರ್ 25ಕ್ಕೆ ಬೀಳುತ್ತದೆ. ಹಾಗಾಗಿ ಡ್ರಾಗನ್‌ಗೆ 24, ಲಾಟೀನಿಗೆ 25 ಎಂದು ಇಟ್ಟುಕೊಳ್ಳಿ. (2025ರಲ್ಲಿ ಇದೇ ಹಬ್ಬ ನಮ್ಮ ಸೀಗಿ ಹುಣ್ಣಿಮೆಯ ಜೊತೆಗೇ ಬಂದಿತ್ತು. ಎರಡೂ ಕಡೆ ಅಧಿಕಮಾಸ ಬೇರೆ ಬೇರೆ ವರ್ಷ ಬರುವುದರಿಂದ ಪ್ರತಿ ಸಲ ಹೀಗಾಗುವುದಿಲ್ಲ.)

ಆಗ ಹಕ್ಕಾ ಎಂಬ ಚೀನೀ ಸಮುದಾಯದ ಹಳ್ಳಿಯಾಗಿದ್ದ ಟೈ ಹಾಂಗ್ 1880ರಲ್ಲಿ ಪ್ಲೇಗ್ ಓಡಿಸಲು ಶುರುಮಾಡಿದ ಕುಣಿತ ಇದು. ಡ್ರಾಗನ್ ಸುಮಾರು 67 ಮೀಟರ್ ಉದ್ದ. ಹುಲ್ಲಿನ ಮೈತುಂಬ ಸಾವಿರಾರು ಊದುಬತ್ತಿ ಚುಚ್ಚಿರುತ್ತಾರೆ, ಎಲ್ಲವೂ ಉರಿಯುತ್ತಿರುತ್ತವೆ. ವುನ್ ಶಾ ಸ್ಟ್ರೀಟಿನ ಕಂಬಿಬೇಲಿಯ ಪಕ್ಕದಲ್ಲಿ ಜಾಗ ಸಿಗಬೇಕಾದರೆ ಸಂಜೆ ಆರಕ್ಕೇ ಅಲ್ಲಿರಬೇಕು. ಹತ್ತಿಯ ಬಟ್ಟೆ ಹಾಕಿಕೊಳ್ಳಿ. ಸಿಂಥೆಟಿಕ್ ಸೀರೆ, ದುಪಟ್ಟಾ ಬೇಡ, ಕಿಡಿ ಬಿದ್ದರೆ ತೂತಾಗುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಹೊಗೆಗೆ ಹೋಗಲು ದಾರಿಯಿಲ್ಲ, ಕಣ್ಣು ಉರಿಯುತ್ತದೆ. ಉಬ್ಬಸ ಇರುವವರನ್ನೂ ಕೈಗೂಸನ್ನೂ ದಯವಿಟ್ಟು ಇಲ್ಲಿಗೆ ಕರೆತರಬೇಡಿ. ಅವರಿಗೆ ಲಾಟೀನುಗಳಿರುವ ವಿಕ್ಟೋರಿಯಾ ಪಾರ್ಕ್ ಸಾಕು, ಅಲ್ಲಿ ನೆಲಕ್ಕೆ ಚಾಪೆ ಹಾಸಿ ಕೂರಬಹುದು.

ಕಾಸ್‌ವೇ ಬೇ ಸುತ್ತಮುತ್ತ ಹಬ್ಬದ ವಾರದ ರೂಮ್ ಬಾಡಿಗೆ ಅನ್ಯಾಯ. ಮಂಚ ಬಿಟ್ಟರೆ ಸೂಟ್‌ಕೇಸ್ ಬಿಚ್ಚಲೂ ಜಾಗವಿಲ್ಲದ ಕೋಣೆಗೆ 'ಪಾರ್ಕ್ ಕಾಣುತ್ತದೆ' ಎಂದು ಹೆಚ್ಚಿಗೆ ಕೀಳುತ್ತಾರೆ. ಮರದ ತುದಿಗಳಷ್ಟೇ ಕಾಣುತ್ತವೆ, ಲಾಟೀನು ಕಾಣುವುದಿಲ್ಲ. ಟೈ ಹಾಂಗ್‌ಗೆ ಹತ್ತಿರದ ಟಿನ್ ಹಾವ್ ನಿಲ್ದಾಣದಿಂದ ಮೆಟ್ರೋದಲ್ಲಿ ಎರಡೇ ನಿಲ್ದಾಣ ಆಚೆಗಿರುವ ನಾರ್ತ್ ಪಾಯಿಂಟ್‌ನಲ್ಲಿ ಉಳಿಯಿರಿ. ಹುಣ್ಣಿಮೆಯ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡುತ್ತದೆ, ಹಿಂದಿನ ರಾತ್ರಿ ಆ ಅನುಕೂಲ ಇಲ್ಲ.

ಲಾಟೀನನ್ನು ಪಾರ್ಕಿನ ಬಾಗಿಲಲ್ಲಿ ಕೊಳ್ಳಬೇಡಿ. ಶಾಮ್ ಶುಯ್ ಪೋ ಬಡಾವಣೆಯ ಫುಕ್ ವಿಂಗ್ ಸ್ಟ್ರೀಟ್ ಆಟಿಕೆಗಳ ಬೀದಿ, ಅಲ್ಲಿ ಅಗ್ಗ. ಮಕ್ಕಳ ಕೈಗೆ ಬ್ಯಾಟರಿಯದು ಕೊಡಿ. ಮಡಿಕೆ ಕಾಗದದ ಲಾಟೀನಾದರೆ ಮೊದಲು ಪೂರ್ತಿ ಬಿಡಿಸಿ, ತಳದ ತಗಡಿನ ಮೇಲೆ ನಾಲ್ಕು ಹನಿ ಮೇಣ ಸುರಿಸಿ, ಅದು ಬಿಸಿಯಿರುವಾಗಲೇ ಮೇಣದಬತ್ತಿ ಒತ್ತಿ ನಿಲ್ಲಿಸಿ. ಸರಿಯಾಗಿ ಅಂಟದಿದ್ದರೆ ನಡೆಯುವಾಗ ಬತ್ತಿ ವಾಲಿ ಕಾಗದ ಹೊತ್ತಿಕೊಳ್ಳುತ್ತದೆ. ಕೆಲವು ಹುಡುಗರು ಡಬ್ಬಿಯಲ್ಲಿ ಮೇಣ ಕುದಿಸಿ ನೀರು ಚಿಮುಕಿಸುತ್ತಾರೆ. ನೀರು ತಟ್ಟನೆ ಆವಿಯಾಗಿ ಉರಿಯುವ ಮೇಣವನ್ನು ಮೇಲೆರಚುತ್ತದೆ. ಅಲ್ಲಿನ ಉದ್ಯಾನಗಳಲ್ಲಿ ಅದು ಅಪರಾಧ, ಹತ್ತಿರ ಸುಳಿಯಬೇಡಿ.

ಅದೇ ಬಡಾವಣೆಯ ಪೈ ಹೋ ಸ್ಟ್ರೀಟಿನಲ್ಲಿ ಕುಂಗ್ ವೋ ಎಂಬ ಹಳೆಯ ಸೋಯಾ ಅಂಗಡಿಯಿದೆ. ಇಡೀ ಪ್ರವಾಸದಲ್ಲಿ ಸಸ್ಯಾಹಾರಿಗಳ ಹೊಟ್ಟೆಯೂ ಮನಸ್ಸೂ ತುಂಬುವ ಜಾಗ ಇದೇ. ಬಿಸಿಬಿಸಿ ತೋಫು ಪುಡ್ಡಿಂಗ್ ಬಟ್ಟಲಿಗೆ ಬರುತ್ತದೆ, ಗಿಣ್ಣಿನಷ್ಟು ಮೆತ್ತಗೆ ಆದರೆ ಅದಕ್ಕಿಂತ ಹಗುರ. ಹಸಿ ವಾಸನೆ ಇಲ್ಲವೇ ಇಲ್ಲ, ಸಿಹಿ ನಿಮಗೆ ಬೇಕಾದಷ್ಟು. ಜೊತೆಗೆ ಒಂದು ಲೋಟ ಸೋಯಾ ಹಾಲು ತೆಗೆದುಕೊಳ್ಳಿ. ಪಕ್ಕದವರ ಮೇಜು ಹಂಚಿಕೊಳ್ಳಬೇಕಾಗುತ್ತದೆ, ಅಲ್ಲಿ ಅದೇ ರೂಢಿ. ಕರಿದ ತೋಫು ಮಾತ್ರ ಕೇಳಿಯೇ ತಿನ್ನಿ, ಒಳಗೆ ಮೀನಿನ ಹೂರಣ ತುಂಬಿದ್ದೂ ಇರುತ್ತದೆ.

ಹಬ್ಬದ ಸಿಹಿಯಾದ ಮೂನ್‌ಕೇಕಿನಲ್ಲೂ ಇದೇ ಎಚ್ಚರ ಬೇಕು. ತಾವರೆ ಬೀಜದ ಹೂರಣದ ನಡುವೆ ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಯ ಹಳದಿ ಇಡುತ್ತಾರೆ. ಅದನ್ನು ತೆಗೆದುಬಿಟ್ಟರೆ ಸಸ್ಯಾಹಾರವಾಗುವುದಿಲ್ಲ, ಹೂರಣದಲ್ಲೇ ಹಂದಿಕೊಬ್ಬು ಇರಬಹುದು. ಡಬ್ಬಿಯ ಮೇಲಿನ ಪಟ್ಟಿಯಲ್ಲಿ 'ಲಾರ್ಡ್' (lard, ಹಂದಿಕೊಬ್ಬು) ಎಂದಿದೆಯೇ ನೋಡಿ. ಒಂದು ಕೇಕನ್ನು ಎಂಟು ಹೋಳು ಮಾಡಿ ಹಾಲಿಲ್ಲದ ಚಹಾದ ಜೊತೆ ನಾಲ್ಕು ಜನ ತಿನ್ನಬಹುದು, ಒಬ್ಬರೇ ಒಂದನ್ನು ಮುಗಿಸಿದರೆ ಹೊಟ್ಟೆ ಭಾರ. ಅಕ್ಕಿಹಿಟ್ಟಿನ ಹೊದಿಕೆಯ ತಣ್ಣನೆಯ ಸ್ನೋ-ಸ್ಕಿನ್ ಕೇಕುಗಳನ್ನು ಊರಿಗೆ ಕಟ್ಟಿಕೊಳ್ಳಬೇಡಿ, ಫ್ರಿಜ್ ಇಲ್ಲದಿದ್ದರೆ ಕೆಡುತ್ತವೆ.

ಭಾರತದ ಪಾಸ್‌ಪೋರ್ಟ್ ಇರುವವರು ಸಾಮಾನ್ಯವಾಗಿ ಆನ್‌ಲೈನಿನಲ್ಲಿ ಪ್ರೀ-ಅರೈವಲ್ ರಿಜಿಸ್ಟ್ರೇಷನ್ ಮಾಡಿಕೊಂಡೇ ಹೊರಡಬೇಕು, ಅದಕ್ಕೆ ಶುಲ್ಕವಿಲ್ಲ. ಸೆಪ್ಟೆಂಬರ್ ಅಲ್ಲಿ ಟೈಫೂನ್ ಕಾಲವೂ ಹೌದು. 8ನೇ ಸಂಖ್ಯೆಯ ಚಂಡಮಾರುತದ ಎಚ್ಚರಿಕೆ ಸಿಗ್ನಲ್ ಏರಿದರೆ ಬಸ್ಸು, ಅಂಗಡಿ, ಹಬ್ಬ ಎಲ್ಲವೂ ನಿಲ್ಲುತ್ತವೆ. ವಾಪಸ್ ಟಿಕೆಟನ್ನು ಸೆಪ್ಟೆಂಬರ್ 26ರ (ಚೀನೀ ಪಂಚಾಂಗದ 16ರ) ರಾತ್ರಿ ಮುಗಿದ ಮೇಲಕ್ಕೇ ಮಾಡಿಸಿ, ಆಗ ಡ್ರಾಗನ್ ನೋಡಲು ಇನ್ನೊಂದು ರಾತ್ರಿ ಕೈಯಲ್ಲಿರುತ್ತದೆ.